ಕ್ವಾಲಿಟಿ ಪ್ಲಾನ್ ಕಡತಕ್ಕೋ, ಸೈಟಿಗೋ? ತಳಪಾಯದ ಕ್ಯೂಬ್ ಫಲಿತಾಂಶದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸೈಟ್ ಎಂಜಿನಿಯರ್, ದಾವಣಗೆರೆ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷಗಳಿಂದ ಒಬ್ಬ ಗುತ್ತಿಗೆದಾರರ ಬಳಿ ಕೆಲಸ ಮಾಡುತ್ತಿದ್ದೇನೆ. ಈಗ ನೆಲಮಹಡಿ ಮತ್ತು ಅದರ ಮೇಲೆ ಎರಡು ಅಂತಸ್ತುಗಳಿರುವ ಒಂದು ವಿದ್ಯಾರ್ಥಿನಿಲಯದ ಕಟ್ಟಡದ ಹೊಣೆ ನನ್ನ ಮೇಲಿದೆ. ಟೆಂಡರ್ ಷರತ್ತಿನಂತೆ ಕೆಲಸ ಆರಂಭಿಸುವ ಮೊದಲು ಕ್ವಾಲಿಟಿ ಪ್ಲಾನ್, ಅಂದರೆ ಕೆಲಸದ ಗುಣಮಟ್ಟವನ್ನು ಯಾರು ಯಾವಾಗ ಹೇಗೆ ಪರೀಕ್ಷಿಸಬೇಕೆಂಬ ಕಡತ, ಸಲ್ಲಿಸಬೇಕಿತ್ತು. ನಮ್ಮ ಕಚೇರಿಯಲ್ಲಿದ್ದ ಹಳೆಯ ಕೆಲಸವೊಂದರ ಪ್ಲಾನನ್ನೇ ತೆಗೆದು, ಕಾಮಗಾರಿಯ ಹೆಸರು ಬದಲಾಯಿಸಿ, ಅರವತ್ತು ಪುಟಗಳ ಕಡತವನ್ನು ನಾನೇ ಒಪ್ಪಿಸಿದೆ. ಅದರಲ್ಲಿ ರಸ್ತೆಗೆ ಹಾಕುವ ಡಾಂಬರಿನ ಉಷ್ಣಾಂಶ ಅಳೆಯುವ ಬಗ್ಗೆ ಒಂದು ಇಡೀ ಪುಟ ಉಳಿದುಹೋಗಿತ್ತು ಎಂಬುದು ಆಮೇಲೆ ನನ್ನ ಕಣ್ಣಿಗೆ ಬಿತ್ತು. ಆದರೆ ಅನುಮೋದನೆ ಕೊಟ್ಟವರು ಅದನ್ನು ಗಮನಿಸಲಿಲ್ಲ.

ತಳಪಾಯದ ಫೂಟಿಂಗ್‌ಗಳಿಗೆ ಸುಮಾರು 40 ಘನ ಮೀಟರ್ ಎಂ 25 (28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ನಿಗದಿಯಾದ) ಕಾಂಕ್ರೀಟನ್ನು ಸೈಟಿನಲ್ಲೇ ಮಿಕ್ಸರ್‌ನಲ್ಲಿ ಕಲಸಿ ಎರಡು ದಿನಗಳಲ್ಲಿ ಹಾಕಿದೆವು. ನಾಲ್ಕು ಸ್ಯಾಂಪಲ್ ತೆಗೆದಿದ್ದೆವು, ಒಂದೊಂದಕ್ಕೂ ಒಡೆದು ಬಲ ನೋಡುವ ಮೂರು ಕಾಂಕ್ರೀಟ್ ಕ್ಯೂಬುಗಳು. 28 ದಿನಗಳ ಫಲಿತಾಂಶ ಕ್ರಮವಾಗಿ 27, 29.5, 24.5 ಮತ್ತು 28 ನ್ಯೂಟನ್ ಬಂದಿದೆ. ಸರಾಸರಿ 27.25 ಇರುವುದರಿಂದ ಪಾಸಾಗಿದೆ ಎನ್ನುವುದು ನಮ್ಮ ಗುತ್ತಿಗೆದಾರರ ವಾದ. ಒಂದು ಸ್ಯಾಂಪಲ್ 25ಕ್ಕಿಂತ ಕಡಿಮೆ ಇರುವುದರಿಂದ ಫೇಲಾಗಿದೆ ಎನ್ನುವುದು ಇಲಾಖೆಯ ಸಹಾಯಕ ಎಂಜಿನಿಯರ್ ಅವರ ವಾದ. ಈ ಜಗಳ ತೀರುವಷ್ಟರಲ್ಲಿ ಕಾಲಂಗಳು ಪ್ಲಿಂತ್ ದಾಟಿ ಮೇಲೆದ್ದಿವೆ. ಇಬ್ಬರಲ್ಲಿ ಯಾರು ಹೇಳುವುದು ಸರಿ? ಅದಕ್ಕಿಂತ ಮುಖ್ಯವಾಗಿ, ಮುಂದಿನ ಸ್ಲ್ಯಾಬುಗಳಿಗಾದರೂ ಕೆಲಸಕ್ಕೆ ಬರುವಂಥ ಪ್ಲಾನ್ ಬರೆಯುವುದು ಹೇಗೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ನಿವೃತ್ತ ಎಂಜಿನಿಯರ್, ಗುಣನಿಯಂತ್ರಣ ವಿಭಾಗ

ಡಾಂಬರಿನ ಪುಟವನ್ನು ನೀವೇ ಒಪ್ಪಿಕೊಂಡಿದ್ದು ಒಳ್ಳೆಯದಾಯಿತು. ನನ್ನ ಸೇವಾವಧಿಯಲ್ಲಿ ಅಂಥ ಕಡತಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಒಂದೆರಡಕ್ಕೆ ಓದದೆ ಸಹಿಯನ್ನೂ ಹಾಕಿದ್ದೇನೆ.

ಮೊದಲು ನಿಮ್ಮ ಲೆಕ್ಕಕ್ಕೆ ಬರೋಣ. ಇಬ್ಬರ ವಾದವೂ ತಪ್ಪು; ಫೇಲ್ ಎಂದ ಎಂಜಿನಿಯರ್ ಅವರ ತೀರ್ಮಾನ ಸರಿಯಾಗಿದ್ದರೂ ಅವರು ಕೊಟ್ಟ ಕಾರಣ ತಪ್ಪು. ಕಾಂಕ್ರೀಟಿಗೆ ದೇಶದ ಮಾನಕವಾದ ಐ.ಎಸ್. 456 ಸಂಹಿತೆ ಎರಡು ಷರತ್ತುಗಳನ್ನು ಒಟ್ಟಿಗೆ ಇಡುತ್ತದೆ. ಒಂದೊಂದು ಸ್ಯಾಂಪಲ್ಲಿನ ಫಲಿತಾಂಶವೂ, ತಿದ್ದುಪಡಿಯ ನಂತರದ ನಿಯಮದಂತೆ, ನಿಗದಿತ ಬಲಕ್ಕಿಂತ 3 ನ್ಯೂಟನ್‌ಗಿಂತ ಹೆಚ್ಚು ಕೆಳಗಿಳಿಯಬಾರದು, ಅಂದರೆ ಎಂ 25ಕ್ಕೆ 22ಕ್ಕಿಂತ ಕಡಿಮೆ ಇರಬಾರದು. ನಿಮ್ಮ 24.5 ಈ ಷರತ್ತನ್ನು ಸುಲಭವಾಗಿ ದಾಟುತ್ತದೆ. ಆದರೆ ಸಾಲಾಗಿ ಬಂದ ನಾಲ್ಕು ಸ್ಯಾಂಪಲ್‌ಗಳ ಸರಾಸರಿ 25 ಇದ್ದರೆ ಸಾಲದು. ಅದು 25ರ ಮೇಲೆ ಇನ್ನೂ 3 ನ್ಯೂಟನ್, ಅಥವಾ ಸ್ಟ್ಯಾಂಡರ್ಡ್ ಡೀವಿಯೇಷನ್ನಿನ (ಫಲಿತಾಂಶಗಳ ಏರಿಳಿತದ ಅಳತೆ) 0.825 ಪಟ್ಟು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇರಬೇಕು. ನಿಮ್ಮ ಸೈಟಿನಲ್ಲಿ ಇನ್ನೂ 30 ಸ್ಯಾಂಪಲ್‌ಗಳ ದಾಖಲೆ ಇಲ್ಲದ ಕಾರಣ ಸಂಹಿತೆಯಲ್ಲಿ ಕೊಟ್ಟಿರುವ 4 ನ್ಯೂಟನ್ ಎಂಬ ಮೌಲ್ಯವನ್ನೇ ಹಿಡಿದರೆ 3.3 ಬರುತ್ತದೆ, ಹತ್ತಿರದ ಅರ್ಧ ನ್ಯೂಟನ್ನಿಗೆ ಸರಿಹೊಂದಿಸಿದರೆ 3.5. ಆದ್ದರಿಂದ ನಿಮಗೆ ಬೇಕಿದ್ದ ಸರಾಸರಿ 28.5, ಬಂದದ್ದು 27.25. ಇನ್ನೊಂದು ಮಾತು: ಬಿಡಿ ಸ್ಯಾಂಪಲ್ ಬಿದ್ದರೆ ಅದು ಬಂದ ಬ್ಯಾಚಿಗೆ ಮಾತ್ರ ಕುತ್ತು, ನಾಲ್ಕರ ಸರಾಸರಿ ಬಿದ್ದರೆ ಮೊದಲ ಸ್ಯಾಂಪಲ್ ತೆಗೆದ ಬ್ಯಾಚಿನಿಂದ ಕೊನೆಯದರವರೆಗಿನ ಎಲ್ಲ ಕಾಂಕ್ರೀಟೂ ಪ್ರಶ್ನೆಗೆ ಒಳಗಾಗುತ್ತದೆ. ನಿಮ್ಮಲ್ಲಿ ಅದು ಇಡೀ ತಳಪಾಯ.

ಮಿಕ್ಸ್ ಡಿಸೈನ್, ಅಂದರೆ ವಸ್ತುಗಳ ಪ್ರಮಾಣದ ಲೆಕ್ಕ, ಮಾಡುವಾಗಲೇ ಎಂ 25ಕ್ಕೆ 31.6 ನ್ಯೂಟನ್ ಗುರಿ ಇಟ್ಟುಕೊಳ್ಳುವುದು ಈ ಕಾರಣಕ್ಕೇ: 25ಕ್ಕೆ 4ರ 1.65 ಪಟ್ಟನ್ನು ಸೇರಿಸಿ ನೋಡಿ. ಎಷ್ಟೇ ಎಚ್ಚರ ವಹಿಸಿದರೂ ಕಾಂಕ್ರೀಟು ಒಂದೊಂದು ಬ್ಯಾಚಿಗೆ ಒಂದೊಂದು ರೀತಿ ಬರುತ್ತದೆ ಎಂಬುದನ್ನು ಒಪ್ಪಿಕೊಂಡೇ ಸಂಹಿತೆ ಬರೆಯಲಾಗಿದೆ. ನಿಮ್ಮ ಸೈಟಿನಲ್ಲಿ ಜಲ್ಲಿ ಮತ್ತು ಮರಳನ್ನು ತೂಗಿ ಹಾಕಿದಿರೋ ಬಾಂಡ್ಲಿ ಲೆಕ್ಕದಲ್ಲಿ ಹಾಕಿದಿರೋ ನೀವು ಬರೆದಿಲ್ಲ, ಬಾಂಡ್ಲಿ ಲೆಕ್ಕವೇ ಇರಬೇಕೆಂದು ನನ್ನ ಊಹೆ. ಡಿಸೈನ್ ಇಲ್ಲದೆ ಸಿದ್ಧ ಪ್ರಮಾಣದಲ್ಲಿ ಕಲಸುವ ನಾಮಿನಲ್ ಮಿಕ್ಸಿಗೆ ಸಂಹಿತೆಯ ಅನುಮತಿ ಇರುವುದು ಎಂ 20ರವರೆಗೆ ಮಾತ್ರ.

ಇನ್ನು ಪ್ಲಾನಿನ ವಿಷಯ. ಕ್ಯೂಬ್ ಪರೀಕ್ಷೆಯನ್ನೇ ಗುಣನಿಯಂತ್ರಣ ಎಂದು ತಿಳಿಯುವುದರಿಂದ ಎಲ್ಲ ತೊಂದರೆ ಶುರುವಾಗುತ್ತದೆ. ಕ್ಯೂಬ್ 28 ದಿನಗಳ ನಂತರ ಬಾಯಿ ಬಿಡುತ್ತದೆ. ಅಷ್ಟು ಹೊತ್ತಿಗೆ ನಿಮ್ಮಲ್ಲಿ ಆದಂತೆ ಕಾಲಂ ಎದ್ದಿರುತ್ತದೆ, ಇನ್ನೂ ಚುರುಕಾದ ಸೈಟಿನಲ್ಲಿ ಮೇಲೊಂದು ಸ್ಲ್ಯಾಬೇ ಬಿದ್ದಿರುತ್ತದೆ. ಆದ್ದರಿಂದ ನೀವು ಬರೆಯುವ ಪ್ಲಾನು ಕಾಂಕ್ರೀಟು ಬೀಳುವುದಕ್ಕಿಂತ ಮುಂಚಿನ ಒಂದು ದಿನದ ಬಗ್ಗೆ ಹೆಚ್ಚು ಮಾತಾಡಬೇಕು. ಯಾವ ಹಂತದಲ್ಲಿ ಯಾರು ಬಂದು ನೋಡಿ ಸಹಿ ಹಾಕದೆ ಕೆಲಸ ಮುಂದಕ್ಕೆ ಹೋಗಕೂಡದು ಎಂದು ಮೊದಲೇ ನಿಗದಿ ಮಾಡುವುದನ್ನು ಹೋಲ್ಡ್ ಪಾಯಿಂಟ್ ಎನ್ನುತ್ತಾರೆ. ಅರವತ್ತು ಪುಟದ ಕಡತಗಳಲ್ಲಿ ನಲವತ್ತು ಹೋಲ್ಡ್ ಪಾಯಿಂಟ್‌ಗಳಿರುತ್ತವೆ, ಆದ್ದರಿಂದಲೇ ಒಂದನ್ನೂ ಯಾರೂ ಪಾಲಿಸುವುದಿಲ್ಲ. ನಿಮ್ಮ ಗಾತ್ರದ ಕಟ್ಟಡಕ್ಕೆ ನಾನಾಗಿದ್ದರೆ ಮೂರನ್ನು ಮಾತ್ರ ಇಡುತ್ತಿದ್ದೆ: ತಳಪಾಯದ ಗುಂಡಿಯ ಮಣ್ಣು, ಕಾಂಕ್ರೀಟಿಗೆ ಮುಂಚೆ ಕಂಬಿ ಮತ್ತು ಸೆಂಟ್ರಿಂಗ್, ಕೊನೆಗೆ ಸೆಂಟ್ರಿಂಗ್ ಬಿಚ್ಚುವುದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಊರುಗೋಲುಗಳನ್ನು 7 ದಿನ, ಅದಕ್ಕಿಂತ ಅಗಲದ್ದಕ್ಕೆ 14 ದಿನ, 6 ಮೀಟರಿಗಿಂತ ಉದ್ದದ ಬೀಮಿಗೆ 21 ದಿನ ಬಿಡಬೇಕು ಎಂದು ಸಂಹಿತೆ ಹೇಳಿದ್ದರೂ, ಮುಂದಿನ ಅಂತಸ್ತಿಗೆ ಶೀಟು ಬೇಕೆಂದು ಮೇಸ್ತ್ರಿ ಐದನೆಯ ದಿನವೇ ಒಂದು ಮೂಲೆಯಿಂದ ಬಿಚ್ಚಲು ಶುರುಮಾಡಿರುತ್ತಾನೆ.

ಸಹಿ ಹಾಕುವವನಿಗೆ ಕೆಲಸ ನಿಲ್ಲಿಸುವ ಅಧಿಕಾರ ಇರಬೇಕು, ಅವನ ಸಂಬಳ ಆ ದಿನದ ಕಾಂಕ್ರೀಟಿನ ಪ್ರಮಾಣದ ಮೇಲೆ ನಿಂತಿರಬಾರದು. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮೂರು ಸ್ತರದ ತಪಾಸಣೆ ಇಟ್ಟಿರುವುದರ ತರ್ಕವೂ ಇದೇ. ಕೆಲಸ ಮಾಡಿಸುವ ಘಟಕದ್ದು ಮೊದಲ ಸ್ತರ, ರಾಜ್ಯದ ಗುಣಮಟ್ಟ ಪರಿವೀಕ್ಷಕರದ್ದು ಎರಡನೆಯದು, ರಾಷ್ಟ್ರೀಯ ಪರಿವೀಕ್ಷಕರದ್ದು ಮೂರನೆಯದು. ಮೇಲಿನವರು ಬಂದು ನೋಡುವುದು ಯಾವಾಗಲೋ ಒಮ್ಮೆ. ರಸ್ತೆ ಉಳಿಯುವುದು ಮೊದಲ ಸ್ತರದವರು ದಿನವೂ ಏನು ಮಾಡುತ್ತಾರೆ ಎಂಬುದರ ಮೇಲೆ.

ಉತ್ತರ: ರೆಡಿಮಿಕ್ಸ್ ಘಟಕದ ಗುಣನಿಯಂತ್ರಕ, ಬೆಂಗಳೂರು

ಹಿರಿಯರು ಹೇಳಿದ್ದಕ್ಕೆ ನೀರಿನ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ನಮ್ಮ ಕಾಂಕ್ರೀಟು ಹಾಳಾಗುವುದು ನಮ್ಮ ಘಟಕದಲ್ಲಿ ಅಲ್ಲ, ನಿಮ್ಮ ಗೇಟಿನಿಂದ ಪಂಪಿನವರೆಗಿನ ಐವತ್ತು ಅಡಿಯಲ್ಲಿ. (ನಮ್ಮ ಘಟಕದಲ್ಲಿ ಹಾಳಾಗುವುದೇ ಇಲ್ಲ ಎಂದು ಇದರ ಅರ್ಥವಲ್ಲ.)

ಒಂದು ಘನ ಮೀಟರಿಗೆ 340 ಕೆ.ಜಿ. ಸಿಮೆಂಟು, 170 ಲೀಟರ್ ನೀರು ಎಂದಿಟ್ಟುಕೊಳ್ಳಿ. ನೀರು-ಸಿಮೆಂಟಿನ ಅನುಪಾತ 0.50. ಕಾಂಕ್ರೀಟು ಬಿಗಿಯಾಗಿದೆ, ಪಂಪು ಎಳೆಯುತ್ತಿಲ್ಲ ಎಂದು ಯಾರೋ ಪೈಪ್ ಹಿಡಿದು ಆರು ಘನ ಮೀಟರಿನ ಟ್ರಕ್ಕಿಗೆ 120 ಲೀಟರ್ ನೀರು ಬಿಟ್ಟರೆ, ಘನ ಮೀಟರಿಗೆ 20 ಲೀಟರ್ ಹೆಚ್ಚಾಗಿ ಅನುಪಾತ 0.56ಕ್ಕೆ ಹೋಗುತ್ತದೆ. ಮಧ್ಯಮ ಮಟ್ಟದ ಪರಿಸರಕ್ಕೆ ಸಂಹಿತೆ ಹಾಕಿರುವ ಗರಿಷ್ಠ ಮಿತಿಯೇ 0.50. ನೋಡುವವರಿಗೆ ಕಾಂಕ್ರೀಟು ಚೆನ್ನಾಗಿ ಹರಿಯುತ್ತದೆ, ಮೇಸ್ತ್ರಿಗೆ ಖುಷಿಯಾಗುತ್ತದೆ, ಬಲ ಮಾತ್ರ ಇಳಿದಿರುತ್ತದೆ. ಮಾರ್ಗ ಇಷ್ಟೇ: ಸ್ಲಂಪ್ (ಕಾಂಕ್ರೀಟು ಎಷ್ಟು ಸಡಿಲವಾಗಿದೆ ಎಂಬ ಅಳತೆ) ಕಡಿಮೆ ಇದ್ದರೆ ನೀರನ್ನಲ್ಲ, ಅದನ್ನು ಸಡಿಲಗೊಳಿಸುವ ರಾಸಾಯನಿಕವಾದ ಅಡ್‌ಮಿಕ್ಸ್‌ಚರನ್ನು ಸೇರಿಸಬೇಕು, ಅದನ್ನೂ ನಮ್ಮವರ ಕೈಯಿಂದಲೇ ಸೇರಿಸಿ ಡ್ರಮ್ಮನ್ನು ಮತ್ತೆ ತಿರುಗಿಸಬೇಕು. ಟ್ರಕ್ಕಿನ ಚಲನ್ ಮೇಲೆ ನೀರು ಬೆರೆಸಿದ ಸಮಯ ಇರುತ್ತದೆ. ಅಲ್ಲಿಂದ ಎರಡು ಗಂಟೆಯೊಳಗೆ ಖಾಲಿಯಾಗಬೇಕು ಎಂಬುದು ರೆಡಿಮಿಕ್ಸ್ ಸಂಹಿತೆಯ ಸಾಮಾನ್ಯ ನಿಯಮ. ಆ ಚಲನ್ ಜೊತೆಗೆ ಬ್ಯಾಚಿನ ಪ್ರಿಂಟನ್ನೂ ಕೇಳಿ ಪಡೆಯಿರಿ. ಅದರಲ್ಲಿ ಪ್ರತಿ ವಸ್ತುವಿನ ನಿಗದಿತ ತೂಕ ಮತ್ತು ನಿಜವಾಗಿ ಬಿದ್ದ ತೂಕ ಎರಡೂ ಇರುತ್ತವೆ. ಕೇಳುವವರು ಕಡಿಮೆ, ಕೇಳುವ ಸೈಟಿಗೆ ಹೋಗುವ ಲೋಡನ್ನು ನಮ್ಮ ಆಪರೇಟರ್ ಎರಡು ಸಲ ನೋಡುತ್ತಾನೆ.

ಸೈಟಿನಲ್ಲೇ ಕಲಸುವವರಿಗೆ ಇನ್ನೊಂದು ಗುಂಡಿ ಇದೆ. ಮಳೆಗೆ ನೆನೆದ ಎಂ-ಸ್ಯಾಂಡಿನಲ್ಲಿ ಶೇ. 4ರಷ್ಟು ನೀರಿದ್ದರೆ 750 ಕೆ.ಜಿ. ಮರಳು ತನ್ನ ಜೊತೆ 30 ಲೀಟರ್ ನೀರು ತಂದಿರುತ್ತದೆ. ಅದನ್ನು ಕಳೆಯದೆ ಡಬ್ಬದಲ್ಲಿ ಅಳೆದು ಹಾಕಿದ ನೀರಿಗೆ ಅರ್ಥವಿಲ್ಲ. ಎರಡನೆಯ ದಿನ ಮಳೆ ಬಂದಿತ್ತೇ ಎಂದು ನಿಮ್ಮ ಸೈಟಿನ ದಿನಚರಿಯನ್ನು ತೆಗೆದು ನೋಡಿ, ಆ 24.5 ಎಲ್ಲಿಂದ ಬಂತೆಂದು ಅಲ್ಲೇ ಗೊತ್ತಾಗಬಹುದು.

ಉತ್ತರ: ಗುತ್ತಿಗೆದಾರ, ಹಾವೇರಿ

ಎಲ್ಲರೂ ಹೇಳುವುದು ಸರಿಯಾಗಿದೆ, ಆದರೆ ದುಡ್ಡು ಹಾಕುವವರ ಕಡೆಯ ಒಂದು ಮಾತನ್ನೂ ಕೇಳಿ. ಹೋಲ್ಡ್ ಪಾಯಿಂಟ್ ಎಂದು ಬರೆದುಕೊಟ್ಟೆವು, ಸಂತೋಷ. ಕಳೆದ ವರ್ಷ ಒಂದು ಶಾಲಾ ಕಟ್ಟಡದಲ್ಲಿ ಕಂಬಿ ಕಟ್ಟಿ ಮುಗಿಸಿ, ಪಂಪು ಮತ್ತು ಗ್ಯಾಂಗಿಗೆ ಮುಂಗಡ ಕೊಟ್ಟು, ಪರಿಶೀಲನೆಗೆ ಬರಬೇಕಾದ ಅಧಿಕಾರಿಗಾಗಿ ನಾನು ನಾಲ್ಕು ದಿನ ಕಾದೆ. ಅವರಿಗೆ ಚುನಾವಣೆಯ ಕೆಲಸ ಇತ್ತು, ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ನಾಲ್ಕು ದಿನ ಗ್ಯಾಂಗನ್ನು ಸುಮ್ಮನೆ ಕೂರಿಸಿ ಸಾಕಿದವನು ನಾನು. ಐದನೆಯ ದಿನ ನಾನು ಕಾಯಲಿಲ್ಲ, ಕಾಂಕ್ರೀಟು ಹಾಕಿಸಿದೆ. ಅವರು ಆಮೇಲೆ ಬಂದು ಹಿಂದಿನ ದಿನಾಂಕಕ್ಕೆ ಸಹಿ ಹಾಕಿದರು. ನಿಮ್ಮ ಕಡತಗಳಲ್ಲಿ ಇಂಥ ಸಹಿಗಳು ಎಷ್ಟಿವೆ ಎಂದು ನಿವೃತ್ತರಿಗೆ ಗೊತ್ತಿರುತ್ತದೆ.

ಪ್ಲಾನಿನಲ್ಲಿ ಗುತ್ತಿಗೆದಾರನಿಗೆ ಮಾತ್ರ ಗಡುವು ಇದ್ದರೆ ಅದು ಸೈಟಿನಲ್ಲಿ ನಡೆಯುವುದಿಲ್ಲ. 24 ಗಂಟೆ ಮುಂಚೆ ಲಿಖಿತವಾಗಿ ತಿಳಿಸಬೇಕು ಎಂದು ನಮಗೆ ಹೇಳಿದರೆ, ಇಷ್ಟು ಗಂಟೆಯೊಳಗೆ ಬರಬೇಕು, ಬರಲಾಗದಿದ್ದರೆ ಇಂಥವರನ್ನು ಕಳಿಸಬೇಕು ಎಂದು ಅವರಿಗೂ ಬರೆದಿರಬೇಕು. ಕಾಯ್ದ ದಿನಗಳು ಕಾಲಾವಧಿ ವಿಸ್ತರಣೆಗೆ ಲೆಕ್ಕವಾಗಬೇಕು. ಇದನ್ನು ಕೆಲಸದ ನಡುವೆ ಕೇಳಿದರೆ ಯಾರೂ ಕೊಡುವುದಿಲ್ಲ, ಮೊದಲ ಸಭೆಯಲ್ಲೇ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ.

ಉತ್ತರ: ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ

ಫಲಿತಾಂಶವನ್ನು ನಂಬುವ ಮೊದಲು ಕ್ಯೂಬನ್ನು ನಂಬಬಹುದೇ ಎಂದು ನೋಡಬೇಕು. ನಮ್ಮಲ್ಲಿಗೆ ಬರುವ ಕ್ಯೂಬುಗಳಲ್ಲಿ ಮೂಲೆ ಮುರಿದವು, ಮೈ ಉಬ್ಬಿದವು, ಬಿಸಿಲಿನಲ್ಲಿ ಒಣಗಿ ಬೆಳ್ಳಗಾದವು ಇರುತ್ತವೆ. 150 ಮಿ.ಮೀ. ಮೋಲ್ಡಿಗೆ ಮೂರು ಪದರದಲ್ಲಿ ತುಂಬಿ, 16 ಮಿ.ಮೀ. ದಪ್ಪದ ಸರಳಿನಿಂದ ಪದರಕ್ಕೆ 35 ಸಲ ಕುಟ್ಟಿ, ಒಂದು ದಿನ ತೇವದಲ್ಲಿಟ್ಟು, ಆಮೇಲೆ ಪರೀಕ್ಷೆಯ ದಿನದವರೆಗೂ ನೀರಿನಲ್ಲಿ ಮುಳುಗಿಸಿಡಬೇಕು. ಸೈಟಿನಲ್ಲಿ ನೀರಿನ ತೊಟ್ಟಿ ಇಲ್ಲವೆಂದು ಕ್ಯೂಬನ್ನು ಶೆಡ್ಡಿನ ಬಾಗಿಲಿಗೆ ಅಡ್ಡ ಇಟ್ಟಿದ್ದನ್ನೂ ನಾನು ಕಂಡಿದ್ದೇನೆ. ಅಂಥ ಕ್ಯೂಬು ಫೇಲಾದರೆ ಕಾಂಕ್ರೀಟು ಕೆಟ್ಟದ್ದೆಂದು ಹೇಳಲಾಗದು, ಒಳ್ಳೆಯದೆಂದೂ ಹೇಳಲಾಗದು.

ವರದಿಯಲ್ಲಿ ಸ್ಯಾಂಪಲ್ಲಿನ ಸರಾಸರಿ ಮಾತ್ರ ನೋಡಬೇಡಿ, ಮೂರು ಕ್ಯೂಬುಗಳ ಬಿಡಿ ಅಂಕಿಗಳನ್ನೂ ನೋಡಿ. ಯಾವುದೇ ಒಂದು ಕ್ಯೂಬು ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರವಿದ್ದರೆ ಆ ಸ್ಯಾಂಪಲ್ಲೇ ಅಸಿಂಧು. ಉದಾಹರಣೆಗೆ 29.5, 30, 22 ಎಂದು ಬಂದರೆ ಸರಾಸರಿ 27.2 ಆಗಿ ಪಾಸಾದಂತೆ ಕಾಣುತ್ತದೆ, ಆದರೆ 22 ಆ ಮಿತಿಯ ಹೊರಗಿದೆ. ಇದಕ್ಕೆ ವಿರುದ್ಧವಾದ ಲಕ್ಷಣವೂ ಇದೆ. ವರ್ಷವಿಡೀ ಒಂದೇ ಸೈಟಿನಿಂದ 31.8, 32, 32.1 ಎಂದು ಅಕ್ಕಸಾಲಿಗ ತೂಗಿದಂತೆ ಫಲಿತಾಂಶ ಬಂದರೆ ನನಗೆ ಅನುಮಾನ ಬರುತ್ತದೆ. ಬಾಂಡ್ಲಿಯಲ್ಲಿ ಅಳೆದು ಹಾಕಿದ ಕಾಂಕ್ರೀಟು ಹಾಗೆ ಬರುವುದಿಲ್ಲ. ಕ್ಯೂಬಿಗೆಂದೇ ಒಂದು ಹಿಡಿ ಹೆಚ್ಚು ಸಿಮೆಂಟು ಹಾಕಿ ಬೇರೆ ಕಲಸಿದ ಕಾಂಕ್ರೀಟು ಹಾಗೆ ಬರುತ್ತದೆ. ನಿಮ್ಮ 27, 29.5, 24.5, 28 ನೋಡಿದರೆ ಕನಿಷ್ಠ ಅವು ನಿಜವಾದ ಕಾಂಕ್ರೀಟಿನಿಂದ ಬಂದವು ಎನಿಸುತ್ತದೆ. ಸ್ಯಾಂಪಲ್ ಯಾವ ಬ್ಯಾಚಿನಿಂದ ತೆಗೆಯಬೇಕೆಂಬುದನ್ನು ಕಾಂಕ್ರೀಟು ಹಾಕಿಸುವವನು ನಿರ್ಧರಿಸಬಾರದು ಎಂದು ಪ್ಲಾನಿನಲ್ಲಿ ಬರೆಯಿರಿ. ಅಷ್ಟೇ ಸಾಕು, ಅರ್ಧ ಕಳ್ಳಾಟ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದಿನಚರಿ ತೆಗೆದು ನೋಡಿದೆ. ಎರಡನೆಯ ದಿನದ ಹಿಂದಿನ ರಾತ್ರಿ ಮಳೆ ಬಂದಿತ್ತು, ಎಂ-ಸ್ಯಾಂಡಿನ ರಾಶಿಗೆ ಟಾರ್ಪಾಲ್ ಹೊದಿಸಿರಲಿಲ್ಲ ಎಂದು ನನ್ನ ಕೈಬರಹದಲ್ಲೇ ಇದೆ. ಜಲ್ಲಿ, ಮರಳು ಎರಡನ್ನೂ ಬಾಂಡ್ಲಿಯಲ್ಲೇ ಅಳೆದಿದ್ದೆವು, ಹಿರಿಯರ ಊಹೆ ಸರಿ.

ಕ್ವಾಲಿಟಿ ಪ್ಲಾನನ್ನು ಮತ್ತೆ ಬರೆಯಲು ಕುಳಿತೆ. ಸದ್ಯಕ್ಕೆ ಆರು ಪುಟ ಆಗಿದೆ. ಮೊದಲ ಸ್ಲ್ಯಾಬು 45 ಘನ ಮೀಟರಿನಷ್ಟು ಬರುವುದರಿಂದ ಸಂಹಿತೆಯ ಪಟ್ಟಿಯಂತೆ ನಾಲ್ಕು ಸ್ಯಾಂಪಲ್, ಅಂದರೆ 28 ದಿನಕ್ಕೆ 12 ಕ್ಯೂಬುಗಳು, 7 ದಿನದ ಸೂಚನೆಗಾಗಿ ಇನ್ನೂ 12 ಎಂದು ಲೆಕ್ಕ ಹಾಕಿ ಅಷ್ಟು ಮೋಲ್ಡುಗಳನ್ನು ಈಗಲೇ ತರಿಸಲು ಹೇಳಿದ್ದೇನೆ; ನಮ್ಮಲ್ಲಿ ಇದ್ದದ್ದು ಆರು. ಕಾಂಕ್ರೀಟಿಗೆ ಮುಂಚಿನ ಸಹಿಯ ಹಾಳೆಯಲ್ಲಿ ಕವರ್ ಬ್ಲಾಕ್ (ಕಂಬಿಯನ್ನು ಶೀಟಿನಿಂದ ಎತ್ತಿ ಹಿಡಿಯುವ ತುಂಡು), ಕಂಬಿಯ ಅಂತರ, ಲ್ಯಾಪ್ (ಎರಡು ಕಂಬಿಗಳ ಜೋಡಣೆ) ಇರುವ ಜಾಗ, ಸೆಂಟ್ರಿಂಗಿನ ಊರುಗೋಲುಗಳು, ಎರಡನೆಯ ವೈಬ್ರೇಟರ್ ಇದೆಯೇ ಎಂಬುದು, ಇಷ್ಟನ್ನೇ ಇಟ್ಟಿದ್ದೇನೆ. ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಇಡುವ ಅಭ್ಯಾಸ ನಮ್ಮ ಕಂಬಿ ಕಟ್ಟುವವರಿಗೆ ಇದೆ, ಅದಕ್ಕೆ ಆ ಸಾಲನ್ನು ಮೊದಲಿಗೆ ಹಾಕಿದೆ. ಹಾವೇರಿಯವರು ಹೇಳಿದಂತೆ ಇಲಾಖೆಗೂ ಗಡುವು ಬರೆದು ಕಳಿಸಿದೆ. ಸಹಾಯಕ ಎಂಜಿನಿಯರ್ ನಕ್ಕರು, ಆದರೆ ಒಪ್ಪಿಕೊಂಡರು. ತಾವು ಬರಲಾಗದ ದಿನ ಬರಬೇಕಾದ ಇನ್ನೊಬ್ಬರ ಹೆಸರನ್ನೂ ತಾವೇ ಸೇರಿಸಿದರು.

ಉಳಿದದ್ದು ತಳಪಾಯ. ಗುತ್ತಿಗೆದಾರರು ರೀಬೌಂಡ್ ಹ್ಯಾಮರ್ ಹೊಡೆಸಿ ವರದಿ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಅದು ನಡೆಯುತ್ತದೆಯೇ?

ಉತ್ತರ: ನಿವೃತ್ತ ಎಂಜಿನಿಯರ್, ಗುಣನಿಯಂತ್ರಣ ವಿಭಾಗ

ರೀಬೌಂಡ್ ಹ್ಯಾಮರ್ ಹೇಳುವುದು ಮೇಲ್ಮೈಯ ಗಟ್ಟಿತನವನ್ನು. ಯಾವ ಫೂಟಿಂಗ್ ಉಳಿದವುಗಳಿಗಿಂತ ಮೆತ್ತಗಿದೆ ಎಂದು ಹುಡುಕಲು ಅದನ್ನು ಬಳಸಿ, ಪಾಸು-ಫೇಲಿನ ತೀರ್ಪಿಗೆ ಬಳಸಬೇಡಿ. ತೀರ್ಪಿಗೆ ಗಟ್ಟಿಯಾದ ಕಾಂಕ್ರೀಟನ್ನು ಕೊರೆದು ಕೋರ್ (ಉರುಳೆಯಾಕಾರದ ತುಂಡು) ತೆಗೆಯಬೇಕು. ಅನುಮಾನವಿರುವ ಭಾಗದಿಂದ ಕನಿಷ್ಠ ಮೂರು ಕೋರ್‌ಗಳನ್ನು ತೆಗೆದು, ಕ್ಯೂಬಿನ ಬಲಕ್ಕೆ ಸಮನಾಗಿ ಲೆಕ್ಕ ಹಾಕಿದಾಗ ಅವುಗಳ ಸರಾಸರಿ ನಿಗದಿತ ಬಲದ ಶೇ. 85ರಷ್ಟು, ಯಾವುದೇ ಒಂದು ಕೋರು ಶೇ. 75ಕ್ಕಿಂತ ಕಡಿಮೆ ಇಲ್ಲದಂತೆ ಬಂದರೆ ಸಂಹಿತೆ ಅದನ್ನು ಒಪ್ಪುತ್ತದೆ. ನಿಮಗೆ ಅದು ಸರಾಸರಿ 21.25, ಕನಿಷ್ಠ 18.75. ನಿಮ್ಮ ಕ್ಯೂಬುಗಳನ್ನು ನೋಡಿದರೆ ದಾಟುತ್ತದೆ ಎಂದೇ ನನ್ನ ಅಂದಾಜು, ಆದರೆ ನನ್ನ ಅಂದಾಜನ್ನು ಕಡತಕ್ಕೆ ಹಾಕುವಂತಿಲ್ಲ. ಕೋರ್ ಕೊರೆಯುವಾಗ ಒಳಗಿನ ಕಂಬಿ ತುಂಡಾಗದಂತೆ ಜಾಗ ಗುರುತಿಸಿಕೊಳ್ಳಿ, ತೆಗೆದ ತೂತುಗಳನ್ನು ಕುಗ್ಗದ ಗ್ರೌಟಿನಿಂದ ಮುಚ್ಚಿಸಿ.

ಜೊತೆಗೆ ಸ್ಟ್ರಕ್ಚರಲ್ ಡಿಸೈನ್ ಮಾಡಿದವರಿಗೆ ಒಂದು ಪತ್ರ ಬರೆದು, 25ರ ಬದಲು ಸಿಕ್ಕಿರುವ ಬಲಕ್ಕೆ ಆ ಫೂಟಿಂಗ್‌ಗಳನ್ನು ಮತ್ತೊಮ್ಮೆ ಪರಿಶೀಲಿಸಲು ಕೇಳಿ. ಅವರ ಉತ್ತರ ಬರುವವರೆಗೆ ಕಾಲಂ ಮೇಲೆ ಸ್ಲ್ಯಾಬಿನ ಭಾರ ಹಾಕಬೇಡಿ. ಫೂಟಿಂಗ್‌ಗಳಿಗೆ ಮಣ್ಣು ತುಂಬಿ ಆಗಿದೆಯೋ ಇಲ್ಲವೋ ನೀವು ತಿಳಿಸಲಿಲ್ಲ.

ಪ್ರಶ್ನೆ ಕೇಳಿದವರು

ತುಂಬಿ ಆಗಿದೆ ಸರ್. ಎರಡನೆಯ ದಿನ ಹಾಕಿದ ಐದು ಫೂಟಿಂಗ್‌ಗಳು ಯಾವುವೆಂದು ದಿನಚರಿಯಲ್ಲಿ ಗ್ರಿಡ್ ಸಂಖ್ಯೆ ಸಮೇತ ಇದೆ. ಸೋಮವಾರದಿಂದ ಮೊದಲು ಅವನ್ನು ಅಗೆದು ತೆರೆಸುತ್ತೇವೆ, ಸ್ಲ್ಯಾಬಿನ ಸೆಂಟ್ರಿಂಗ್ ಕೆಲಸವನ್ನು ಅಲ್ಲಿಯವರೆಗೆ ನಿಲ್ಲಿಸಿದ್ದೇನೆ.